ಬಸ್ಕಿಗೆ ಮರ್ಯಾದೆ ಬರಲಿ

ಕಾಸರಗೋಡಿನಂತೆಯೇ ಗಡಿಯಾಚೆ ಉಳಿದ ನಮ್ಮ ಹೊಸೂರು, ಕೃಷ್ಣಗಿರಿ ಕಡೆಯ ಕನ್ನಡ ಶಾಲೆಗಳಿಗೆ ಜಿಮ್ ಎಲ್ಲಿಂದ ಬರಬೇಕು? ಸಲಕರಣೆಯಿಲ್ಲದೆ ಕಾಲಿಗೆ ಬಲ ಬಾರದೆಂದು ಮಕ್ಕಳು ನಂಬಿದ್ದಾರೆ. ಗರಡಿಮನೆಯ ಹಿರಿಯರು ಕೇಳಿದ್ದರೆ ನಗುತ್ತಿದ್ದರು. ತೋಳಿಗೆ ದಂಡ, ತೊಡೆಗೆ ಬಸ್ಕಿ. ಅವರ ಲೆಕ್ಕ ಅಷ್ಟೆ.

ಬಸ್ಕಿಯ ಹೆಸರು ಕೆಟ್ಟದ್ದು ಶಾಲೆಯಲ್ಲಿ. ಮಗ್ಗಿ ತಪ್ಪಿದರೆ ಬಸ್ಕಿ, ತಡವಾದರೆ ಬಸ್ಕಿ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆ ಕೂಡದೆಂದಿತು; ಒಳ್ಳೆಯದೇ ಆಯಿತು. ಆದರೆ ಶಿಕ್ಷೆಯ ಜೊತೆಗೆ ವ್ಯಾಯಾಮವೂ ಹೊರಬಿತ್ತು.

ಅದನ್ನು ಮರಳಿ ಕರೆಯಬೇಕು. ನೂರು ಹೊಡೆಯುವ ಹಠ ಬೇಡ. ಪೈಲ್ವಾನರು ಹಿಮ್ಮಡಿ ಎತ್ತಿ ವೇಗವಾಗಿ ಹೊಡೆಯುತ್ತಿದ್ದರು. ಮಕ್ಕಳು ಹಿಮ್ಮಡಿ ಊರಿ, ಮೂರೆಣಿಸುತ್ತ ಇಳಿದು ಏಳಲಿ. ಹತ್ತಕ್ಕೇ ತೊಡೆ ನಡುಗುತ್ತದೆ. ಅದು ಹಗುರವೆನಿಸಿದಾಗ ಹೆಗಲಿಗೊಂದು ಪುಟ್ಟ ಮರಳಿನ ಚೀಲ. ಭಾರ ಏರದೆ ಬಲ ಏರದು. ಜಗಲಿಯ ಮೆಟ್ಟಿಲಿದ್ದರೆ ಒಂದೊಂದೇ ಕಾಲಿನ ಬಲದಲ್ಲಿ ಹತ್ತಿ ಇಳಿಯಬಹುದು. ಚಂದ್ರಚೂಡೇಶ್ವರನ ಬೆಟ್ಟವಂತೂ ಇದ್ದೇ ಇದೆ, ಫೀಸಿಲ್ಲ! ದಿನ ಬಿಟ್ಟು ದಿನ ಮಾಡಿದರೆ ಸಾಕು. ಮಂಡಿನೋವಿದ್ದವರಿಗೆ ಒತ್ತಾಯ ಸಲ್ಲ.

ಆಟದ ಪಿರಿಯಡ್ಡಿನಲ್ಲಿ ಹೆಣ್ಣುಮಕ್ಕಳನ್ನು ಮರದ ನೆರಳಿಗೆ ಕೂರಿಸುವ ಪದ್ಧತಿಯೂ ನಿಲ್ಲಲಿ. ಅಂಗಳ ಸಾಲದಿದ್ದರೆ ಬೆಂಚುಗಳ ನಡುವೆಯೇ ಬಸ್ಕಿಗೆ ಜಾಗವಿದೆ.