ಸರ್ಕಾರ ಹಾಕದ ರಸ್ತೆಯ ಖರ್ಚು ನಮ್ಮ ಕಬ್ಬಿನ ಬಿಲ್ಲಿನಾಗ ಐತಿ!

ರೈತ ಬಾಂಧವರೇ,

ಕಾರ್ಖಾನೆಯವರು ಕೊಟ್ಟ ಬಿಲ್ಲಿನ ಚೀಟಿಯನ್ನು ಒಮ್ಮೆ ಕೈಯಾಗ ಹಿಡಕೊಂಡು ಪೂರ್ತಿ ಓದ್ರಿ. ದರದ ಸಾಲನ್ನು ಎಲ್ಲರೂ ಓದತೀವಿ. ಅದರ ಕೆಳಗೆ 'ಕಟಾವು ಮತ್ತು ಸಾಗಾಣಿಕೆ' ಅಂತ ಇನ್ನೊಂದು ಸಾಲು ಇರುತ್ತದೆ. ಅದನ್ನು ಓದುವವರು ಕಡಿಮೆ. ಓದಿದರೂ "ಅದು ಇದ್ದದ್ದೇ ಬಿಡ್ರಿ" ಅಂತ ಚೀಟಿ ಮಡಚಿ ಕಿಸೆಯೊಳಗೆ ಇಟ್ಟುಕೊಳ್ಳುತ್ತೇವೆ. ನಾನು ಇವತ್ತು ಮಾತಾಡೋದು ಆ ಸಾಲಿನ ಬಗ್ಗೆ.

ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಶೇ. 10.25 ಇಳುವರಿಯ ಕಬ್ಬಿಗೆ ಟನ್ನಿಗೆ 3,550 ರೂಪಾಯಿ ಎಫ್‌ಆರ್‌ಪಿ ಗೊತ್ತುಮಾಡಿತು. ಪತ್ರಿಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಬಂತು. ಆದರೆ ಈ ದರ ನಿಮ್ಮ ಹೊಲದ ಬದುವಿನ ದರ ಅಲ್ಲ, ಕಾರ್ಖಾನೆಯ ಗೇಟಿನ ದರ. ಬದುವಿನಿಂದ ಗೇಟಿನ ತನಕ ಏನೇನು ಖರ್ಚು ಬರುತ್ತದೋ ಅದೆಲ್ಲಾ ನಿಮ್ಮ ತಲೆಯ ಮೇಲೆ. ನನ್ನ ಚೀಟಿಯಲ್ಲಿ ಆ ಸಾಲು ಟನ್ನಿಗೆ ಎಂಟುನೂರರ ಹತ್ತಿರ ಇತ್ತು. ಎಕರೆಗೆ 40 ಟನ್ ಬೆಳೆದವನಿಗೆ ಎಕರೆಗೆ 32 ಸಾವಿರ ಹೋಯಿತು. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಹಗಲು ರಾತ್ರಿ ಕುಳಿತು 3,500 ಕೇಳಿದೆವು, 3,300ಕ್ಕೆ ಮಾತು ನಿಂತಿತು. ಆ ಹೋರಾಟ ಸರಿಯಾದದ್ದೇ, ಅದಕ್ಕೆ ನನ್ನ ನಮಸ್ಕಾರ. ಆದರೆ ಇನ್ನೂರಕ್ಕೆ ಎದ್ದಷ್ಟು ದನಿ ಎಂಟುನೂರಕ್ಕೆ ಯಾಕೆ ಏಳಲಿಲ್ಲ?

ಆ ಎಂಟುನೂರರಲ್ಲಿ ಗ್ಯಾಂಗಿನವರ ಕೂಲಿ ಇದೆ. ಅದು ಅವರ ಬೆವರಿನ ದುಡ್ಡು, ಅದರ ಮೇಲೆ ನನ್ನ ತಕರಾರಿಲ್ಲ. ಉಳಿದದ್ದು ಸಾಗಾಣಿಕೆ. ಸಾಗಾಣಿಕೆ ಯಾಕೆ ತುಟ್ಟಿ? ನಮ್ಮ ಹೊಲದಿಂದ ಡಾಂಬರಿನ ತನಕ ಎರಡು ಕಿಲೋಮೀಟರ್ ಎರಿ ಮಣ್ಣಿನ ಚಕ್ಕಡಿ ದಾರಿ. ಒಂದು ಮಳೆ ಬಿತ್ತೆಂದರೆ ಟ್ರ್ಯಾಕ್ಟರ್ ಗಾಲಿ ಅರ್ಧ ಹುಗಿಯುತ್ತದೆ. ಎರಡು ಡಬ್ಬಿಯ ಬದಲು ಒಂದೇ ಡಬ್ಬಿ, ಅದೂ ಅರ್ಧ ತುಂಬಬೇಕು. ಮುಂದೆ ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ಕಟ್ಟಬೇಕು, ಅದರ ಬಾಡಿಗೆ ಬೇರೆ. ಅದು ಚೀಟಿಯಲ್ಲಿ ಬರೋದಿಲ್ಲ, ಕಿಸೆಯಿಂದ ಹೋಗುತ್ತದೆ. ದಾರಿ ಕೆಟ್ಟ ಹೊಲಕ್ಕೆ ಡ್ರೈವರ್ ಕೊನೆಗೆ ಬರುತ್ತಾನೆ. ಕಡಿದ ಕಬ್ಬು ಬಿಸಿಲಿಗೆ ಒಣಗಿ ತೂಕ ಇಳಿಯುತ್ತದೆ. ಕಾಟಾದಲ್ಲಿ ಮೋಸ ಅಂತ ನಾವು ಕೂಗುತ್ತೇವೆ. ಕಾಟಾಕ್ಕೆ ಹೋಗುವ ಮೊದಲೇ ದಾರಿ ನಮ್ಮ ತೂಕ ಕಡಿದಿರುತ್ತದೆ.

ಇನ್ನು ಬಸ್ಸಿನ ಮಾತು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಒಳ್ಳೆಯ ಕೆಲಸ. ಹೆಂಗಸರು ಸಂತೆಗೆ, ದವಾಖಾನೆಗೆ, ತವರಿಗೆ ಯಾರ ಹತ್ತಿರವೂ ಕೈಚಾಚದೆ ಹೋಗುತ್ತಾರೆ. ಅದನ್ನು ಆಡಿಕೊಳ್ಳುವ ಗಂಡಸರಿಗೆ ನನ್ನ ಒಂದೇ ಪ್ರಶ್ನೆ: ನಿಮ್ಮ ಟಿಕೆಟ್ ದರ ಏರಿದ್ದು ಯಾರ ಆದೇಶದಿಂದ? 2025ರ ಜನವರಿ 5ರಿಂದ ಶೇ. 15 ಏರಿಸಿದ್ದು ಸರ್ಕಾರ, ನಿಮ್ಮ ಅಕ್ಕ-ತಂಗಿಯರಲ್ಲ.

ಆದರೆ ಟಿಕೆಟ್ ಬಿಟ್ಟಿಯಾದರೆ ಸಾಕೇ? ಬಸ್ಸು ಬೇಡವೇ? ನಮ್ಮೂರಿಗೆ ಮೊದಲು ದಿನಕ್ಕೆ ನಾಲ್ಕು ಸರತಿ ಬಸ್ಸು ಬರುತ್ತಿತ್ತು. ಈಗ ಎರಡು, ಮಳೆ ಬಂದರೆ ಒಂದೂ ಇಲ್ಲ. ಡಿಪೋದಲ್ಲಿ ಕೇಳಿದರೆ "ನಿಮ್ಮ ರಸ್ತೆ ಸರಿಯಿಲ್ಲ, ಗಾಡಿ ಹಾಳಾಗತೈತಿ" ಅಂದರು. ರಸ್ತೆಯವರನ್ನು ಕೇಳಿದರೆ "ಅನುದಾನ ಬಂದಿಲ್ಲ" ಅಂದರು. ಇಬ್ಬರ ಉತ್ತರವೂ ಅವರವರ ಮಟ್ಟಿಗೆ ಸರಿ. ನಡುವೆ ಬಸ್ಸು ನಿಂತಿತು.

ಬಸ್ಸು ನಿಂತ ಊರಿಗೆ ಯಾರು ಬಂದರು ಗೊತ್ತೇ? ಫೈನಾನ್ಸಿನವರು! ಹುಡುಗಿ ಪಿಯುಸಿಗೆ ಹೋಗಬೇಕು, ಹಾಲು ಡೇರಿಗೆ ಮುಟ್ಟಬೇಕು, ಮುದುಕರನ್ನು ದವಾಖಾನೆಗೆ ಒಯ್ಯಬೇಕು. ಮನೆಗೊಂದು ಬೈಕು ಬಂತು. ಗಂಡುಮಕ್ಕಳು ಇಬ್ಬರಿದ್ದರೆ ಎರಡು. ಎಲ್ಲವೂ ಕಂತಿನ ಮೇಲೆ. ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ, ಅದೂ ಕಾರ್ಖಾನೆಯವರಿಗೆ ಮನಸ್ಸು ಬಂದಾಗ. ಕಾಯ್ದೆ ಹದಿನಾಲ್ಕು ದಿನ ಅಂತ ಹೇಳುತ್ತದೆ, ಕಾಯ್ದೆ ಪುಸ್ತಕದಲ್ಲಿದೆ. ಬೈಕಿನ ಕಂತು ಮಾತ್ರ ತಿಂಗಳ ಐದನೇ ತಾರೀಖಿಗೆ ತಪ್ಪದೆ ಬರುತ್ತದೆ. ಆ ಕಂತಿಗೆ ಸಂಘದಲ್ಲಿ ಕೈಗಡ, ಕೈಗಡ ತೀರಿಸಲು ಬಂಗಾರದ ಸಾಲ. ರೈತ ದುಂದುವೆಚ್ಚ ಮಾಡಿ ಸಾಲಗಾರನಾದ ಅಂತ ಪಟ್ಟಣದ ಪಂಡಿತರು ಬರೆಯುತ್ತಾರೆ. ಸರ್ಕಾರ ಮಾಡಬೇಕಾದ ಖರ್ಚನ್ನು ನಾವು ಬಡ್ಡಿಗೆ ತಂದು ಮಾಡಿದ್ದೇವೆ, ಇದನ್ನು ಅವರು ಯಾವಾಗ ಬರೆಯುತ್ತಾರೆ?

"ಸರ್ಕಾರದ ಹತ್ತಿರ ದುಡ್ಡಿಲ್ಲ" ಅನ್ನುತ್ತಾರೆ. ದುಡ್ಡು ಕೊಟ್ಟವರು ನಾವೇ, ಲೆಕ್ಕ ನೋಡೋಣ. ರಾಜ್ಯ ಸರ್ಕಾರ 2025ರ ಏಪ್ರಿಲ್ 1ರಿಂದ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 18.44ರಿಂದ ಶೇ. 21.17ಕ್ಕೆ ಏರಿಸಿತು. ಲೀಟರಿಗೆ 90 ರೂಪಾಯಿ ಕೊಟ್ಟರೆ ಅದರಲ್ಲಿ ಹದಿನೈದು ರೂಪಾಯಿಯ ಮೇಲೆ ರಾಜ್ಯಕ್ಕೆ. ಕೇಂದ್ರದ ಸುಂಕ ಬೇರೆ. ವರ್ಷಕ್ಕೆ 300 ಲೀಟರ್ ಸುಡುವ ರೈತ ರಾಜ್ಯ ಒಂದಕ್ಕೇ ನಾಲ್ಕೂವರೆ ಸಾವಿರ ಕಟ್ಟುತ್ತಾನೆ. ನೇಗಿಲು ಹೂಡುವ ಟ್ರ್ಯಾಕ್ಟರಿಗೂ, ಮದುವೆ ದಿಬ್ಬಣದ ಕಾರಿಗೂ ಒಂದೇ ತೆರಿಗೆ!

ಕೇಂದ್ರದ ಸುಂಕದೊಳಗೆ ರಸ್ತೆಯ ಹೆಸರಿನದೇ ಒಂದು ಸೆಸ್ ಇದೆ. 2000ದ ಕೇಂದ್ರ ರಸ್ತೆ ನಿಧಿ ಕಾಯ್ದೆ ಬಂದಾಗ ಡೀಸೆಲ್ ಸೆಸ್ಸಿನ ಅರ್ಧ ಪಾಲು ಹಳ್ಳಿ ರಸ್ತೆಗೆ ಅಂತ ಬರೆದಿತ್ತು. 2018ರಲ್ಲಿ ಅದನ್ನು 'ರಸ್ತೆ ಮತ್ತು ಮೂಲಸೌಕರ್ಯ' ನಿಧಿ ಮಾಡಿದರು. ಹೆಸರು ಉದ್ದವಾಯಿತು, ರಸ್ತೆಯ ಹುಂಡಿಗೆ ಬೇರೆ ಬೇರೆ ಕೈಗಳು ಬಂದವು. ಸೆಸ್ಸಿನ ಹಣವನ್ನು ತೆರಿಗೆಯ ಹಾಗೆ ರಾಜ್ಯಗಳ ಜತೆ ಹಂಚಿಕೊಳ್ಳುವ ಕಟ್ಟುಪಾಡೂ ಇಲ್ಲ.

ಈ ಆಟ ನಮಗೆ ಹೊಸದಲ್ಲ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಹೊಲ ಮುಟ್ಟುವ ಮೊದಲೇ "ನಿಮ್ಮ ಜಮೀನು ಸುಧಾರಿಸಿದೆ, ಅಭಿವೃದ್ಧಿ ಕರ ಕಟ್ರಿ" ಅಂದರು. ರೈತರು ಕಟ್ಟೋದಿಲ್ಲ ಅಂದರು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗುಂಡು ಹಾರಿತು. ರೈತ ಸಂಘ ಹುಟ್ಟಿದ್ದು ಆ ರಕ್ತದಿಂದ. ಅವತ್ತು ಬಾರದ ನೀರಿಗೆ ಕರ ಕೇಳಿದರು, ಇವತ್ತು ಬಾರದ ರಸ್ತೆಗೆ ಸೆಸ್ ಕೇಳುತ್ತಾರೆ. ಅವತ್ತು ನೋಟೀಸು ಕೊಟ್ಟು ಕೇಳಿದರು, ಅದಕ್ಕೇ ಗೊತ್ತಾಯಿತು. ಇವತ್ತು ಪಂಪಿನ ಪೈಪಿನಲ್ಲಿ ಕಡಿದುಕೊಳ್ಳುತ್ತಾರೆ, ಗೊತ್ತೇ ಆಗೋದಿಲ್ಲ.

ಈಗ ಖರ್ಚಿನ ಕಡೆ ನೋಡ್ರಿ. ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದೊಳಗೆ ಸುರಂಗ ಕೊರೆಯಲು 2025ರಲ್ಲಿ ಟೆಂಡರ್ ಕರೆದರು. ಉದ್ದ ಹದಿನೇಳು ಕಿಲೋಮೀಟರಿನ ಹತ್ತಿರ, ಅಂದಾಜು ಹದಿನೇಳು ಸಾವಿರ ಕೋಟಿಯ ಮೇಲೆ. ಅಂದರೆ ಒಂದು ಕಿಲೋಮೀಟರಿಗೆ ಸಾವಿರ ಕೋಟಿ! ಖಾಸಗಿಯವರೂ ದುಡ್ಡು ಹಾಕುತ್ತಾರೆ, ಟೋಲ್ ಎತ್ತುತ್ತಾರೆ ಅನ್ನುತ್ತಾರೆ. ಸರ್ಕಾರದ ಪಾಲು ಇಲ್ಲವೇ? ಹಳ್ಳಿ ರಸ್ತೆಗೆ ಕಿಲೋಮೀಟರಿಗೆ ಒಂದು ಕೋಟಿ ಅಂತ ಧಾರಾಳವಾಗಿಯೇ ಹಿಡಿಯಿರಿ. ಸುರಂಗದ ಒಂದು ಕಿಲೋಮೀಟರಿನಲ್ಲಿ ಸಾವಿರ ಕಿಲೋಮೀಟರ್ ಹಳ್ಳಿ ರಸ್ತೆ ಆಗುತ್ತದೆ.

ಇನ್ನೊಂದು ಲೆಕ್ಕ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕು ಹಿಂದುಳಿದಿವೆ, ಎಂಟು ವರ್ಷದಲ್ಲಿ 31 ಸಾವಿರ ಕೋಟಿ ಹಾಕಿ ಮೇಲೆತ್ತಿರಿ ಅಂತ ವರದಿ ಕೊಟ್ಟಿತು. ಅವತ್ತಿನ ರೂಪಾಯಿಯ ಬೆಲೆ ಬೇರೆ, ಒಪ್ಪುತ್ತೇನೆ. ಆದರೂ 114 ತಾಲ್ಲೂಕಿನ ಎಂಟು ವರ್ಷದ ಪಾಲಿನ ಅರ್ಧಕ್ಕಿಂತ ಹೆಚ್ಚು ಹಣವನ್ನು ಒಂದು ಬಿಲದೊಳಗೆ ಹಾಕಲು ಹೊರಟವರಿಗೆ ಏನು ಹೇಳೋಣ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು!

"ತೆರಿಗೆ ಹೆಚ್ಚು ಕಟ್ಟೋದು ಬೆಂಗಳೂರು, ಅಲ್ಲಿ ಖರ್ಚಾಗಲಿ" ಅನ್ನುವವರಿದ್ದಾರೆ. ಟ್ರ್ಯಾಕ್ಟರಿನ ಟೈರು, ಪೈಪು, ಔಷಧಿ ಎಲ್ಲದರ ಮೇಲೂ ತೆರಿಗೆ ಕೊಡುವವರು ನಾವು. ಕಂಪನಿಯ ಕಚೇರಿ ಎಲ್ಲಿದೆಯೋ ಅಲ್ಲಿಯ ಹೆಸರಿಗೆ ಜಮೆ. ಬೆಂಗಳೂರಿನ ಜನರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮಕ್ಕಳೇ ಅಲ್ಲಿ ಸಿಟಿ ಬಸ್ಸಿಗೆ ಜೋತುಬಿದ್ದು ಕೆಲಸಕ್ಕೆ ಹೋಗುತ್ತಾರೆ. ಮೆಟ್ರೊದಲ್ಲಿ ಲಕ್ಷಾಂತರ ಜನ ಓಡಾಡುತ್ತಾರೆ, ಅದು ಬೇಡ ಅನ್ನೋದಿಲ್ಲ. ಟೋಲ್ ಕೊಟ್ಟು ಹೋಗುವ ಕಾರಿನವರ ಸುರಂಗದಿಂದ ನಮ್ಮ ಮಕ್ಕಳಿಗೂ ಉಪಯೋಗವಿಲ್ಲ.

ಇಷ್ಟು ಹೇಳಿ ನಮ್ಮ ತಪ್ಪು ಮುಚ್ಚಿಟ್ಟರೆ ನಾನು ಸುಳ್ಳುಗಾರನಾಗುತ್ತೇನೆ. ನಕಾಶೆಯಲ್ಲಿ ಅಗಲ ಇರುವ ಚಕ್ಕಡಿ ದಾರಿಯನ್ನು ವರ್ಷಕ್ಕೆ ಒಂದು ಸಾಲು, ಎರಡು ಸಾಲು ಅಂತ ಹರಗಿ ಹರಗಿ ಹೊಲಕ್ಕೆ ಸೇರಿಸಿಕೊಂಡವರು ಯಾರು? ನಾವೇ. ಗರಸು ಹಾಕದೆ ಬಿಲ್ಲು ಎತ್ತಿದ ಗುತ್ತಿಗೆದಾರ ಯಾರು? ನಮ್ಮೂರ ಮುಖಂಡನ ಅಳಿಯ. ಅವನನ್ನು ಕೇಳದೆ ಸುಮ್ಮನಿದ್ದವರು, ಎಲೆಕ್ಷನ್ ಬಂದಾಗ ಅವನ ಜೀಪು ಹತ್ತಿದವರು ಯಾರು? ಹಸಿರು ಶಾಲು ಹೆಗಲ ಮೇಲಿದ್ದರೆ ಸಾಲದು, ಬದುವಿನಲ್ಲಿಯೂ ನ್ಯಾಯ ಬೇಕು.

ಈಗ ಮಾಡಬೇಕಾದ್ದು ಏನು? ಒಂದು, ಹೊಲದ ದಾರಿ ಒತ್ತಿದವರು ಸ್ವಂತ ಮನಸ್ಸಿನಿಂದ ಬಿಡ್ರಿ. ಊರವರೇ ಕೂತು ಅಳೆಸಿ ಕಲ್ಲು ನೆಡಿಸ್ರಿ. ಎರಡು, ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ: ಐದು ವರ್ಷದಲ್ಲಿ ನಮ್ಮೂರ ರಸ್ತೆಗೆ ಎಷ್ಟು ಬಂತು, ಯಾರು ಮಾಡಿದರು, ಯಾರು ಅಳೆದರು. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸ್ರಿ. ಮೂರು, ಶಾಲೆ ಮತ್ತು ಸಂತೆಯ ವೇಳೆಗೆ ಬಸ್ಸು ಬೇಕೆಂದು ಹೆಣ್ಣುಮಕ್ಕಳ ಸಹಿ ಹಾಕಿಸಿ, ಅವರನ್ನೇ ಮುಂದಿಟ್ಟುಕೊಂಡು ಡಿಪೋಕ್ಕೆ ಹೋಗ್ರಿ. ನಾಲ್ಕು, ಮುಂದಿನ ಹಂಗಾಮಿಗೆ ಬಾಯ್ಲರಿಗೆ ಬೆಂಕಿ ಬೀಳುವ ಮೊದಲು ಸಾಗಾಣಿಕೆ ದರವನ್ನು ಕಿಲೋಮೀಟರಿನ ಲೆಕ್ಕದಲ್ಲಿ ಬರೆದು ಕಾರ್ಖಾನೆಯ ಗೇಟಿಗೆ ತೂಗುಹಾಕಬೇಕು, ಕೂಲಿ ಬೇರೆ ಸಾಗಾಣಿಕೆ ಬೇರೆ ಚೀಟಿಯಲ್ಲಿ ಕಾಣಬೇಕು ಅಂತ ಪಟ್ಟು ಹಿಡಿಯೋಣ.

ಬೆಲೆಗಾಗಿ ಹೋರಾಡುವವರು ದಾರಿಗಾಗಿಯೂ ಹೋರಾಡಬೇಕು. ಗೇಟಿನಲ್ಲಿ ನೂರು ರೂಪಾಯಿ ಗೆದ್ದು ದಾರಿಯಲ್ಲಿ ಇನ್ನೂರು ಚೆಲ್ಲಿಕೊಂಡು ಬಂದರೆ ಮನೆಗೆ ಏನು ಮುಟ್ಟಿತು? ಇವತ್ತು ರಾತ್ರಿ ಉಂಡ ಮೇಲೆ ಆ ಚೀಟಿ ತೆಗೀರಿ. ಮಗನನ್ನೋ ಮಗಳನ್ನೋ ಕರೆದು ಎರಡನೇ ಸಾಲು ಓದಿಸ್ರಿ. ನಾಳೆ ಕಟ್ಟೆಯ ಮೇಲೆ ಅದೇ ಮಾತಾಗಲಿ.

ನಿಮ್ಮವನೇ ಆದ
ಒಬ್ಬ ಕಬ್ಬು ಬೆಳೆಗಾರ