ಹಗ್ಗ ಜಗ್ಗುವ ನಾಯಿ

ಚಾಕಣದಲ್ಲಿ ನೆಲೆಸಿರುವ ಸೋದರಿಯೊಬ್ಬರು ಈ ಸಲ ತಮ್ಮ ನಾಯಿಯ ವಿಷಯ ಬರೆದು ಕೇಳಿದ್ದಾರೆ. ಮನೆಯೊಳಗೆ ಅದು ಬಲು ಸಾಧುವಂತೆ. ಹಗ್ಗ ಹಾಕಿ ಓಣಿಗೆ ಇಳಿದ ಮೇಲೆ ಮಾತ್ರ, ಇನ್ನೊಂದು ನಾಯಿ ಕಣ್ಣಿಗೆ ಬಿದ್ದರೆ ಸಾಕು, ಜಗ್ಗಿ, ಹಾರಿ, ಜನ ಕೂಡುವಂತೆ ಬೊಗಳುವದಂತೆ. ಗದರಿಸಿದ್ದಾಯಿತು, ಹೊಡೆದದ್ದೂ ಆಯಿತು. ನೆರೆಯವರು ಬೇಸತ್ತಿದ್ದಾರೆ. ಎಲ್ಲಿಯಾದರೂ ದೂರ ಒಯ್ದು ಬಿಟ್ಟು ಬರೋಣವೆಂದು ಮನೆಯ ಯಜಮಾನರು ಹೇಳಹತ್ತಿದ್ದಾರೆ. ಮಕ್ಕಳು ಊಟ ಬಿಟ್ಟು ಕುಳಿತಿವೆ.

ತಾಯಿ, ಬಿಟ್ಟು ಬರುವ ಮಾತು ಬೇಡ. ಮನೆಯ ಅನ್ನ ಉಂಡು ಬೆಳೆದ ನಾಯಿ ನಾಸಿಕ ರಸ್ತೆಯ ಲಾರಿಗಳ ನಡುವೆ ಬಹಳ ದಿನ ಬದುಕದು. ಹಸಿವೆ ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು. ನಿಮ್ಮ ನಾಯಿ ಕೆಟ್ಟದ್ದಲ್ಲ. ಬಹುತೇಕ ಅದು ಅಂಜಿದೆ. ಅಂಜಿದ್ದಕ್ಕೆ ಪೆಟ್ಟು ಔಷಧವಲ್ಲ.

ಇದರ ಮರ್ಮವಿಷ್ಟೆ. ಬಯಲಿನಲ್ಲಿ ಎರಡು ಹೊಸ ನಾಯಿಗಳು ಎದುರಾದರೆ ನೆಟ್ಟಗೆ ಮೋರೆಗೆ ಮೋರೆ ತರುವದಿಲ್ಲ. ತುಸು ಬಳಸಿ ನಡೆದು, ನೆಲ ಮೂಸುತ್ತ, ಸಾವಕಾಶವಾಗಿ ಹತ್ತಿರ ಬರುತ್ತವೆ. ಒಲ್ಲೆನಿಸಿದರೆ ಹೊರಳಿ ಹೋಗುತ್ತವೆ. ಹಗ್ಗ ಬಿಗಿಯಾಯಿತೆಂದರೆ ಬಳಸುವ ದಾರಿಯೂ ಇಲ್ಲ, ಓಡುವ ದಾರಿಯೂ ಇಲ್ಲ. ಉಳಿದದ್ದು ಬೊಗಳಿ ಅಂಜಿಸುವದೊಂದೇ. ಎದುರಿನ ನಾಯಿ ತನ್ನ ದಾರಿ ಹಿಡಿದು ಹೋದರೂ ತನ್ನ ಬೊಗಳಿಕೆಯಿಂದಲೇ ಅದು ಹೋಯಿತೆಂದು ಇದು ತಿಳಿಯುತ್ತದೆ. ಅದರ ಮೇಲೆ ನಾವು ಕೊರಳು ಹಿಸುಕುವಂತೆ ಎಳೆದು ಬೈದರೆ, ಬೇರೆ ನಾಯಿ ಕಂಡಾಗಲೆಲ್ಲ ಕೊರಳು ನೋಯುವದೆಂಬ ಇನ್ನೊಂದು ಪಾಠವನ್ನೂ ಕಲಿಸಿದಂತಾಯಿತು.

ಮುಧೋಳದ ನಾಯಿಯನ್ನು ಸಾಕಿದವರು ಇನ್ನೊಂದು ಮಾತು ನೆನಪಿಡಬೇಕು. 2005ರಲ್ಲಿ ಅಂಚೆಚೀಟಿಯನ್ನೇರಿದ ನಮ್ಮ ಈ ತಳಿ, ಕಣ್ಣಿಗೆ ಕಂಡ ಬೇಟೆಯನ್ನು ಬಯಲಲ್ಲಿ ಬೆನ್ನಟ್ಟಿ ಹಿಡಿಯುವಂಥದು. ಓಡುವ ಬೆಕ್ಕು, ಸೈಕಲ್ಲು ಕಂಡು ಅದು ಜಗ್ಗಿದರೆ ಕಾರಣ ಹುಟ್ಟುಗುಣವೂ ಇರಬಹುದು. ಉಪಾಯ ಮಾತ್ರ ಅದೇ.

ಮೊದಲು ಪಶುವೈದ್ಯರಿಗೆ ತೋರಿಸಿರಿ. ಕಿವಿಯಲ್ಲೋ ಕೀಲಿನಲ್ಲೋ ನೋವಿದ್ದರೆ ಯಾವ ಪ್ರಾಣಿಯೂ ಸಿಡುಕುವದು. ಬಿಗಿಯುವ ಸರಪಣಿ, ಮುಳ್ಳಿನ ಪಟ್ಟಿಗಳನ್ನು ತೆಗೆದಿಟ್ಟು, ಎದೆ ಬೆನ್ನುಗಳನ್ನು ಸುತ್ತುವ ಹಾರ್ನೆಸ್ಸನ್ನೂ ಐದಾರು ಅಡಿಯ ಗಟ್ಟಿ ಹಗ್ಗವನ್ನೂ ತನ್ನಿರಿ. ಹಗ್ಗ ಹಿಡಿಯುವದು ದೊಡ್ಡವರ ಕೆಲಸ. ಮಕ್ಕಳ ಕೈಗೆ ಕೊಡಕೂಡದು.

ಇನ್ನು ಪಾಠ. ಊಟ ಬರುವ ಸಪ್ಪಳಕ್ಕೇ ನಾಯಿಯ ಬಾಯಲ್ಲಿ ನೀರೂರುವದನ್ನು ರಶಿಯದ ಪಾವ್ಲೋವ್ ಪಂಡಿತರು ಪ್ರಯೋಗದಿಂದ ತೋರಿಸಿಕೊಟ್ಟರು. ನಾವು ಮಾಡಬೇಕಾದದ್ದೂ ಅದೇ: ಬೇರೆ ನಾಯಿಯ ದರ್ಶನವೇ ತಿನಿಸಿನ ಗಂಟೆಯಾಗಬೇಕು. ನಿಮ್ಮ ನಾಯಿ ಇನ್ನೊಂದನ್ನು ಕಂಡೂ ಬೊಗಳದೆ ನಿಮ್ಮ ಕೈಯ ತಿನಿಸನ್ನು ತಿನ್ನುವಷ್ಟು ದೂರದಲ್ಲಿ ನಿಲ್ಲಿರಿ. ಅದು ಐವತ್ತು ಹೆಜ್ಜೆಯಾದರೂ ಆಗಲಿ, ನೂರಾದರೂ ಆಗಲಿ. ಆ ನಾಯಿ ಕಂಡ ಬಳಿಕ ಚೂರು ಚೂರಾಗಿ ತಿನಿಸು ಕೊಡುತ್ತ ಹೋಗಿರಿ, ಮರೆಯಾದೊಡನೆ ನಿಲ್ಲಿಸಿರಿ. ಮೊದಲು ನೋಟ, ಆಮೇಲೆ ತಿನಿಸು. ಈ ಕ್ರಮ ತಪ್ಪಬಾರದು. ತಿನಿಸನ್ನು ಮೂಸಿಯೂ ನೋಡದಿದ್ದರೆ ತೀರ ಹತ್ತಿರ ಬಂದಿದ್ದೀರೆಂದು ತಿಳಿದು ಹಿಂದೆ ಸರಿಯಿರಿ. ಕೆಲವು ದಿನ ಶಾಂತವಾಗಿ ನಡೆದರೆ ನಾಲ್ಕು ಹೆಜ್ಜೆ ಮುಂದೆ. ಕೆಟ್ಟರೆ ಹತ್ತು ಹೆಜ್ಜೆ ಹಿಂದೆ.

ತಿನಿಸು ಮನೆಯ ಒಣರೊಟ್ಟಿಯಾದರೆ ಸಾಲದು. ಬೇಯಿಸಿದ ಕೋಳಿಯ ಚೂರು, ಮೊಟ್ಟೆ, ಶಾಕಾಹಾರಿಗಳಾದರೆ ಪನೀರು ಆದೀತು. ಚಾಕಣದ ಪೇಟೆ ಉಳ್ಳಾಗಡ್ಡಿಗೆ ಹೆಸರಾದದ್ದು ನಿಜ. ಆದರೆ ಉಳ್ಳಾಗಡ್ಡಿ ನಾಯಿಯ ರಕ್ತ ಕೆಡಿಸುವ ವಿಷ. ಅದು ಬಿದ್ದ ಪಲ್ಯ, ಸಾರುಗಳನ್ನು ಎಂದೂ ಹಾಕಬೇಡಿರಿ.

ಓಣಿ ಇಕ್ಕಟ್ಟಾದರೆ ದೂರ ಎಲ್ಲಿಂದ ತರುವದೆಂದು ಕೇಳುವಿರಿ. ಕಾರಖಾನೆಯ ಪಾಳಿ ಬದಲಾಗುವ ಗದ್ದಲದ ಹೊತ್ತನ್ನು ಬಿಟ್ಟು ಬೆಳಗಿನ ಜಾವ ಹೊರಡಿರಿ. ಮಾಂಸದ ಅಂಗಡಿ, ಕಸದ ಕುಪ್ಪೆಗಳಿರುವ ತಿರುವುಗಳನ್ನು ಬಳಸಿ ಹೋಗಿರಿ. ನಿಂತ ಮೋಟಾರಿನ ಮರೆ ಹಿಡಿಯಿರಿ. ‘ಬಾ’ ಎಂದೊಡನೆ ನಿಮ್ಮೊಡನೆ ಹಿಂದಕ್ಕೆ ತಿರುಗುವದನ್ನು ಮನೆಯ ಪಡಸಾಲೆಯಲ್ಲಿಯೇ ತಿನಿಸು ಕೊಟ್ಟು ರೂಢಿ ಮಾಡಿಸಿರಿ. ಓಣಿಯಲ್ಲಿ ಅದು ಕಾಪಾಡುವದು. ಬಿಡುನಾಯಿ ಬೆನ್ನು ಹತ್ತಿದರೆ ಓಡಬೇಡಿರಿ. ಅದರ ಕಡೆಗೆ ಹಿಡಿಯಷ್ಟು ತಿನಿಸು ಎರಚಿ, ನಿಮ್ಮದನ್ನು ಕರೆದುಕೊಂಡು ಸಾವಕಾಶ ಸರಿಯಿರಿ. ಎದುರು ಬರುವ ನೆರೆಯವರಿಗೆ ‘ಜರಾ ಥಾಂಬಾ, ಕುತ್ರಾ ಘಾಬರತೋ’ ಎಂದು ಮೊದಲೇ ಮರಾಠಿಯಲ್ಲಿ ಹೇಳಿಬಿಡಿರಿ. ನಾಯಿ ಅಂಜುತ್ತದೆಂದು ತಿಳಿದವರು ದೂರು ಕೊಡುವ ಮೊದಲು ತುಸು ದಾರಿ ಬಿಟ್ಟಾರು.

ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿರಿ. ಗುರುಗುಟ್ಟುವದು ನಾಯಿ ಕೊಡುವ ಎಚ್ಚರಿಕೆ. ಪೆಟ್ಟಿಗೆ ಅಂಜಿ ಆ ಸದ್ದನ್ನು ನುಂಗಿಕೊಂಡ ನಾಯಿ ಸದ್ದಿಲ್ಲದೆ ಕಚ್ಚೀತು. ಈಗಾಗಲೇ ಕಚ್ಚಿದ್ದರೆ, ಉಸಿರಾಡಲು ಬರುವಂಥ ಬಾಯಿಕುಕ್ಕೆಯನ್ನು ತಿನಿಸಿನ ಆಸೆ ತೋರಿಸಿ ರೂಢಿ ಮಾಡಿಸಿರಿ. ನಡತೆ ತಿದ್ದಬಲ್ಲ ವೈದ್ಯರ ಸಲಹೆ ಪಡೆಯಿರಿ. ಹುಚ್ಚುನಾಯಿ ರೋಗದ ಲಸಿಕೆಯನ್ನು ವೈದ್ಯರು ಹೇಳಿದ ಸಮಯಕ್ಕೆ ತಪ್ಪದೆ ಹಾಕಿಸಿರಿ. ಯಾರಿಗೇ ಆಗಲಿ ಯಾವ ನಾಯಿಯ ಹಲ್ಲು ತಾಗಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅಂದೇ ದವಾಖಾನೆಗೆ ಹೋಗತಕ್ಕದ್ದು. ಆ ರೋಗದ ಲಕ್ಷಣ ತೋರಿದ ಮೇಲೆ ಬದುಕುವದು ಇಲ್ಲವೆಂದೇ ತಿಳಿಯಬೇಕು.

ಈ ಪಾಠಕ್ಕೆ ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. ಬಹಳ ಗಡಿಬಿಡಿಯಾದ ಮರುದಿನ ತಿರುಗಾಟವನ್ನು ಚಿಕ್ಕದು ಮಾಡಿ, ಯಾವ ನಾಯಿಯೂ ಇಲ್ಲದ ಕಡೆ ಮನಸಾರೆ ನೆಲ ಮೂಸಲು ಬಿಡಿರಿ. ಎಲ್ಲ ನಾಯಿಗಳೊಡನೆ ಗೆಳೆತನ ಮಾಡಲೆಂಬ ಹಂಬಲ ಬೇಡ. ಕಂಡೂ ಸುಮ್ಮನೆ ದಾಟಿ ಹೋದರೆ ಸಾಕು. ಒಂದು ದಿನ ಅದು ದೂರದ ನಾಯಿಯನ್ನು ಕಂಡು, ಬೊಗಳದೆ, ಹೊರಳಿ ನಿಮ್ಮ ಮೋರೆ ನೋಡುವದು. ಅಂದು ಪಾಠ ಹತ್ತಿತೆಂದು ತಿಳಿಯಿರಿ. ಯಜಮಾನರಿಗೂ ಕರೆದು ತೋರಿಸಿರಿ.