ಕತ್ತರಿಸಿದ್ದಲ್ಲ, ಕಟ್ಟಿದ್ದು

ಮೊನ್ನೆ ನನ್ನ ಮೊಮ್ಮಗಳು ಶಾಲೆಯಿಂದ ಬಂದವಳೇ ಇಂಗ್ಲಿಷ್ ನೋಟ್‌ಬುಕ್ಕನ್ನು ನನ್ನ ತೊಡೆಯ ಮೇಲಿಟ್ಟು ಮಾತಾಡದೆ ನಿಂತಳು. ತೆರೆದು ನೋಡಿದೆ. ‘ನಾನು ನೋಡಿದ ಸ್ಥಳ’ ಎಂಬ ಪ್ರಬಂಧಕ್ಕೆ ಅವಳು ಹೇಮಗಿರಿಯನ್ನು ಆರಿಸಿಕೊಂಡಿದ್ದಳು. ಪುಟದ ಮಧ್ಯೆ ಎರಡು ಕಡೆ ಕೆಂಪು ಶಾಯಿ. ‘ಆನಿಕಟ್’ ಎಂದು ಬರೆದ ಕಡೆ ಸುತ್ತು ಹಾಕಿ, ಪಕ್ಕದಲ್ಲಿ ‘ಡ್ಯಾಮ್’ ಎಂದು ತಿದ್ದಿದ್ದರು. ಕೆಳಗಿನ ಒಂದು ಸಾಲಿಗೆ ಉದ್ದಕ್ಕೂ ಗೆರೆ. ಆ ಸಾಲಿನ ಅರ್ಥ ಇದು: ಆನಿಕಟ್ ಅಂದರೆ ನದಿಯನ್ನು ಕತ್ತರಿಸಿದ ಜಾಗ.

“ತಾತ, ಹಂಗಂತ ನೀನೇ ಹೇಳಿದ್ದು” ಎಂದಳು.

ಹೌದು, ನಾನೇ ಹೇಳಿದ್ದು. ದನಗಳ ಜಾತ್ರೆ ನೋಡಲು ಅವಳನ್ನು ಕರೆದುಕೊಂಡು ಹೋಗಿದ್ದೆ. ಹಳ್ಳಿಕಾರ್ ಹೋರಿಗಳನ್ನು ನೋಡಿ, ಬೆಟ್ಟ ಹತ್ತಿ ಕಲ್ಯಾಣ ವೆಂಕಟರಮಣಸ್ವಾಮಿಗೆ ಕೈ ಮುಗಿದು, ಹೇಮಾವತಿಯ ದಡಕ್ಕೆ ಇಳಿದಿದ್ದೆವು. ಅಲ್ಲೊಂದು ಫಲಕದಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಅವಳು ಒಂದೊಂದಾಗಿ ಕೂಡಿಸಿ ಓದಿದಳು: ಎ, ಎನ್, ಐ, ಸಿ, ಯು, ಟಿ. “ಇಲ್ಲಿ ನದೀನ ಕಟ್ ಮಾಡವ್ರಾ ತಾತ?” ಎಂದು ಕೇಳಿದಳು. ಬಸ್ಸಿನ ಹೊತ್ತಾಗಿತ್ತು. “ಹೂಂ ಮಗ, ಹಂಗೇ ಅಂದ್ಕೊ” ಎಂದುಬಿಟ್ಟೆ. ಮಕ್ಕಳಿಗೆ ಅವಸರದಲ್ಲಿ ಕೊಟ್ಟ ಉತ್ತರ ಹೀಗೆ ನೋಟ್‌ಬುಕ್ಕಿನಲ್ಲಿ ಬಂದು ಕೂರುತ್ತದೆ.

ಆ ಸಂಜೆ ಇಬ್ಬರೂ ನಿಘಂಟು ಹರಡಿಕೊಂಡು ಕೂತೆವು.

ಆನಿಕಟ್ ಇಂಗ್ಲಿಷಿನ ನಾಮಪದವೇ. ಸರ್ಕಾರಿ ಕಾಗದಗಳಲ್ಲಿ, ಎಂಜಿನಿಯರುಗಳ ವರದಿಗಳಲ್ಲಿ ನಿತ್ಯ ಬರುವ ಪದ. ಆದರೆ ಅದು ಇಂಗ್ಲೆಂಡಿನಲ್ಲಿ ಹುಟ್ಟಿದ್ದಲ್ಲ. ನಮ್ಮ ‘ಅಣೆಕಟ್ಟು’, ತಮಿಳಿನ ‘ಅಣೈಕಟ್ಟು’, ತೆಲುಗಿನ ‘ಆನಕಟ್ಟ’ ಎಲ್ಲವೂ ಒಂದೇ ಮನೆಯವು. ಇಂಗ್ಲಿಷರು ಅದನ್ನು ತಮಿಳಿನಿಂದ ತೆಗೆದುಕೊಂಡರು. ಭಾರತದಿಂದ ಇಂಗ್ಲಿಷಿಗೆ ಹೋದ ಪದಗಳನ್ನೆಲ್ಲ ಸೇರಿಸಿ ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು 1886ರಲ್ಲಿ ‘ಹಾಬ್ಸನ್-ಜಾಬ್ಸನ್’ ಎಂಬ ವಿಚಿತ್ರ ಹೆಸರಿನ ನಿಘಂಟು ತಂದರು. ಅದರಲ್ಲೂ ಈ ಪದ ಇದೆ.

ಅಂದರೆ ಕೊನೆಯಲ್ಲಿರುವ ‘ಕಟ್’ ಕತ್ತರಿಸುವ ಕಟ್ ಅಲ್ಲ. ಮನೆ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವಲ್ಲ, ಆ ‘ಕಟ್ಟು’. ‘ಟ್ಟು’ ಎಂದು ನಾಲಿಗೆ ಮಡಿಸಲು ಬಾರದವರು ‘ಕಟ್’ ಎಂದು ನಿಲ್ಲಿಸಿದರು. ಇದೇ ಕಟ್ಟು ಇನ್ನೊಂದು ಇಂಗ್ಲಿಷ್ ಪದದಲ್ಲೂ ಅಡಗಿದೆ. ಕೆಟಮರಾನ್ ಎಂಬ ದೋಣಿಯ ಹೆಸರು ಕೇಳಿದ್ದೀರಾ? ಮರದ ದಿಮ್ಮಿಗಳನ್ನು ಸೇರಿಸಿ ಕಟ್ಟಿದ ತೆಪ್ಪ, ತಮಿಳಿನ ‘ಕಟ್ಟುಮರಂ’. ಒಂದರಲ್ಲಿ ‘ಕಟ್’, ಇನ್ನೊಂದರಲ್ಲಿ ‘ಕ್ಯಾಟ್’! ಮೊಮ್ಮಗಳು ಇದಕ್ಕೆ ಬಹಳ ಹೊತ್ತು ನಕ್ಕಳು.

“ಸರಿ, ಡ್ಯಾಮ್ ಅಂದ್ರೂ ಅದೇ ತಾನೆ?” ಎಂದಳು ಆಮೇಲೆ. ಅಲ್ಲೇ ಇರುವುದು ವಿಷಯ.

ಕನ್ನಂಬಾಡಿ ಕಟ್ಟೆಯನ್ನು ನೆನಪಿಸಿಕೊಳ್ಳಿ. ಅದು ನದಿಯನ್ನು ನಿಲ್ಲಿಸಿ, ನೂರಿಪ್ಪತ್ತು ಅಡಿಗೂ ಎತ್ತರಕ್ಕೆ ನೀರು ತುಂಬಿಸಿಟ್ಟುಕೊಂಡು, ಬೇಕಾದಾಗ ಗೇಟು ತೆಗೆದು ಬಿಡುತ್ತದೆ. ಅದು ಡ್ಯಾಮ್. ಹೇಮಗಿರಿಯದು ಹಾಗಲ್ಲ. ನದಿಗೆ ಅಡ್ಡಲಾಗಿ ತಗ್ಗಾದ ಕಲ್ಲಿನ ಕಟ್ಟೆ. ನೀರು ಅದರ ಬೆನ್ನಿಗೆ ಬಂದು ಸ್ವಲ್ಪ ಮೇಲೇರುತ್ತದೆ, ಉಳಿದದ್ದು ಕಟ್ಟೆಯ ತಲೆಯ ಮೇಲೆ ಹಾಯ್ದು ಕೆಳಗಿಳಿಯುತ್ತದೆ. ಊರ ಕೆರೆಗೆ ಒಂದು ಮೂಲೆಯಲ್ಲಿ ಕೋಡಿ ಇರುತ್ತದಲ್ಲ? ಅಣೆಕಟ್ಟೆಗೆ ಅದರ ಉದ್ದಕ್ಕೂ ಕೋಡಿಯೇ. ಇಂಗ್ಲೆಂಡಿನಲ್ಲಿ ಇದನ್ನು ‘ವಿಯರ್’ ಎನ್ನುತ್ತಾರೆ.

ಹಾಗಾದರೆ ಲಾಭವೇನು? ಆ ‘ಸ್ವಲ್ಪ ಮೇಲೇರಿದ’ ನೀರೇ ಲಾಭ. ನದಿ ಕೆಳಗೆ ಹರಿಯುತ್ತದೆ, ಗದ್ದೆ ಮೇಲಿದೆ. ಕಟ್ಟೆಯ ಪಕ್ಕದ ತೂಬಿನಿಂದ ನಾಲೆ ಹೊರಡುತ್ತದೆ. ನದಿ ದಡದಡನೆ ಇಳಿದು ಹೋದರೆ, ನಾಲೆ ದಿಬ್ಬದ ಅಂಚು ಹಿಡಿದು ನಿಧಾನವಾಗಿ ಇಳಿಯುತ್ತದೆ. ನಾಲ್ಕಾರು ಮೈಲಿ ಹೋಗುವಷ್ಟರಲ್ಲಿ ನಾಲೆ ಮೇಲೆ, ನದಿ ಕೆಳಗೆ. ಇವೆರಡರ ನಡುವಿನ ಭೂಮಿಯೆಲ್ಲ ಪಂಪಿಲ್ಲದೆ, ಏತವಿಲ್ಲದೆ ನೆನೆಯುತ್ತದೆ. ಅಂದು ದಡದಲ್ಲಿ ದನ ತೊಳೆಯುತ್ತಿದ್ದ ಮುದುಕರೊಬ್ಬರು ಇಷ್ಟನ್ನೂ ಒಂದೇ ಮಾತಲ್ಲಿ ಹೇಳಿದ್ದರು: “ಹೊಳೆ ಹೊಳೆ ಪಾಡಿಗೆ ಹೋಯ್ತದೆ, ನಮ್ ಪಾಲು ನಾಲೆಗೆ ಹತ್ತದೆ.” ನಾನು ಆಗ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಹೀಗೆ ನೆನೆಯುವ ಭೂಮಿಗೆ ಇಂಗ್ಲಿಷ್ ಕಾಗದದಲ್ಲಿ ‘ಆಯಕಟ್’ ಎನ್ನುತ್ತಾರೆ. ಅದೂ ನಮ್ಮ ಕಡೆಯದೇ, ಆಯಕಟ್ಟು. ಕನ್ನಡದಲ್ಲಿ ಅದಕ್ಕೆ ‘ಅಚ್ಚುಕಟ್ಟು’ ಎಂಬ ಚೆಂದದ ಪದವಿದೆ. ಓರಣವಾಗಿರುವುದಕ್ಕೂ ನೀರಾವರಿ ಭೂಮಿಗೂ ಒಂದೇ ಮಾತು.

ಕಾವೇರಿಗೆ ಚೋಳರ ಕರಿಕಾಲ ಕಟ್ಟಿಸಿದನೆನ್ನುವ ತಮಿಳುನಾಡಿನ ಕಲ್ಲಣೈಯನ್ನು ಇಂಗ್ಲಿಷರು ‘ಗ್ರ್ಯಾಂಡ್ ಆನಿಕಟ್’ ಎಂದು ಕರೆದರು. ಕಲ್ಲು ಮತ್ತು ಅಣೆ ಎಂದು ಬಿಡಿಸಿದರೆ ನಮಗೆ ನಿಘಂಟೇ ಬೇಡ. ಅಲ್ಲಿಯ ಕೆಲಸ ನೋಡಿ ಕಲಿತ ಆರ್ಥರ್ ಕಾಟನ್ ಎಂಬ ಎಂಜಿನಿಯರ್ 1847ರಿಂದ 1852ರವರೆಗೆ ಗೋದಾವರಿಗೆ ಧವಳೇಶ್ವರದಲ್ಲಿ ದೊಡ್ಡ ಆನಿಕಟ್ ಕಟ್ಟಿಸಿದರು. ಪದ ಇನ್ನೂ ದೂರ ನಡೆಯಿತು. ಇಂದು ರಾಜಸ್ಥಾನದ ಹಳ್ಳಿಯವರು ತಮ್ಮ ಹಳ್ಳದ ಒಡ್ಡಿಗೆ ‘ಏನಿಕಟ್’ ಎನ್ನುತ್ತಾರೆ.

ಇಂಥ ಪದಗಳ ಮೇಲೆ ರಾಜ್ಯಗಳ ನೀರೇ ನಿಂತದ್ದೂ ಉಂಟು. 1892ರಲ್ಲಿ ಮೈಸೂರು ಮತ್ತು ಮದ್ರಾಸ್ ಸರ್ಕಾರಗಳು ನದಿನೀರಿನ ಒಪ್ಪಂದ ಮಾಡಿಕೊಂಡಾಗ, ಮುಖ್ಯ ನದಿಗಳ ಮೇಲೆ ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ‘ಹೊಸ ನೀರಾವರಿ ಜಲಾಶಯ’ ಕಟ್ಟುವಂತಿರಲಿಲ್ಲ. ಹೊಸದು ಯಾವುದು, ಹಳೆಯದು ಯಾವುದು ಎಂದು ಕಾಗದದಲ್ಲೇ ಅರ್ಥ ಬಿಡಿಸಿ ಬರೆದಿದ್ದರು.

ಈಗ ಹೇಮಗಿರಿಗೆ ಬರುವ ಹುಡುಗರು ಅದನ್ನು ‘ಫಾಲ್ಸ್’ ಎನ್ನುತ್ತಾರೆ. ನೋಡಲು ಹಾಗೇ ಇದೆ, ನೊರೆನೊರೆಯಾಗಿ ಬೀಳುತ್ತದೆ. ಆದರೆ ಈ ಹೆಸರು ನನಗೆ ಹಿಡಿಸದು. ಫಾಲ್ಸ್ ಎಂದ ಕೂಡಲೇ ಕೆಳಗೆ ನಿಂತು ತಲೆ ಕೊಡಬೇಕೆನಿಸುತ್ತದೆ. ಪಾಚಿ ಹಿಡಿದ ಕಲ್ಲು ಜಾರುತ್ತದೆ, ಕಟ್ಟೆಯ ಬುಡದಲ್ಲಿ ನೀರು ಸುತ್ತಿ ಸುತ್ತಿ ಒಳಕ್ಕೆ ಎಳೆಯುತ್ತದೆ. ಅಣೆಕಟ್ಟೆ ಎಂದರೆ ಕನಿಷ್ಠ ಒಬ್ಬ ತಾತನಾದರೂ “ಅಲ್ಲಿಗೆ ಇಳೀಬೇಡ” ಎನ್ನುತ್ತಾನೆ.

ಮರುದಿನ ಟೀಚರಿಗೆ ಚೀಟಿ ಬರೆದುಕೊಡುತ್ತೇನೆ ಎಂದೆ. “ಬೇಡ, ನಾನೇ ಹೇಳ್ತೀನಿ” ಎಂದು ನಿಘಂಟನ್ನೇ ಚೀಲಕ್ಕೆ ಹಾಕಿಕೊಂಡು ಹೋದಳು. ಸಂಜೆ ಬಂದಾಗ ‘ಡ್ಯಾಮ್’ ಎಂಬುದನ್ನು ಟೀಚರೇ ಹೊಡೆದುಹಾಕಿ, ‘ಆನಿಕಟ್’ ಪಕ್ಕ ಸರಿ ಗುರುತು ಹಾಕಿ ಸಹಿ ಮಾಡಿದ್ದರು. ಕೆಳಗಿನ ಸಾಲಿನ ಮೇಲಿದ್ದ ಕೆಂಪು ಗೆರೆ ಮಾತ್ರ ಹಾಗೇ ಇತ್ತು.

“ಅದು ನಿಂದು ತಾತ” ಎಂದಳು.